ನಿಮ್ಮ ಸಂದೇಶ ತಲುಪಿದೆ

ಮಂಗಳವಾರ

ಕಣ್ಣು ಮುಚ್ಚಿದರೂ ಆ ಮೇಲ್‌ಗಳೇ ತೇಲಿಬರುತ್ತಿವೆ. ಯಾರು ಬರೆದರೂ ತಾನಾಗಿ ಉತ್ತರ ಹೋಗಲಿ ಅಂತ ನಿನ್ನೆ ಆಫೀಸಿನ ಸಾಫ್ಟ್‌ವೇರಿನಲ್ಲಿ ನಾನೇ ಏರ್ಪಾಡು ಮಾಡಿದ್ದೆ: 'ನಿಮ್ಮ ಸಂದೇಶ ತಲುಪಿದೆ. ಸ್ವಲ್ಪ ಸಮಯ ಕೊಡಿ.' ನಮಗೆ ರಟ್ಟಿನ ಪೆಟ್ಟಿಗೆ ಕಳಿಸುವ ಕಂಪನಿಯಲ್ಲೂ ಯಾರೋ ಹೀಗೇ ಮಾಡಿಟ್ಟಿದ್ದಾರೆ. ಅವರ ಉತ್ತರಕ್ಕೆ ನಮ್ಮದು, ನಮ್ಮದಕ್ಕೆ ಅವರದು. ಇವತ್ತು ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಇನ್‌ಬಾಕ್ಸ್ ತುಂಬಿ ತುಳುಕುತ್ತಿತ್ತು.

ಅಕೌಂಟ್ಸ್ ಮೇಡಂ ಬಗ್ಗಿ ನೋಡಿ, "ಎಷ್ಟು ಮರ್ಯಾದಸ್ಥರು ನೋಡಮ್ಮ, ಒಬ್ಬರೂ ಮಾತು ಬಿಡ್ತಾ ಇಲ್ಲ" ಅಂದರು.

ನಿಲ್ಲಿಸಲು ಮನಸ್ಸೇ ಬರಲಿಲ್ಲ. ಹೊಳೆಯ ಆಚೆ ದಡ, ಈಚೆ ದಡದಲ್ಲಿ ನಿಂತು ಇಬ್ಬರು ಕೂಗಿಕೊಂಡ ಹಾಗಿತ್ತು. ಪರದೆಯ ಮೇಲೆ ಬಿಸಿಲು ಜಾರುವವರೆಗೂ ನೋಡುತ್ತ ಕೂತೆ. ಆಮೇಲೆ ನಿಲ್ಲಿಸಿದೆ. ಕೋಣೆಯೆಲ್ಲ ಬಿಕೋ ಅಂದಿತು.

ಜಗಳ ಆಡಿದ ಮೇಲೂ ಅಕ್ಕ ಮೆಸೇಜ್ ಮಾಡಿದ್ದಳು, 'ಊಟ ಆಯ್ತಾ' ಅಂತ. ಅದಕ್ಕೆ ಏನು ಬರೆದರೂ ಸಾಲದು ಅನ್ನಿಸಿ ಇಷ್ಟು ದಿನ ಬರೆದು ಬರೆದು ಅಳಿಸುತ್ತಿದ್ದೆ. ಇವತ್ತು ಕಳಿಸಿಯೇಬಿಟ್ಟೆ: 'ನಿನ್ನ ಸಂದೇಶ ತಲುಪಿದೆ. ಸ್ವಲ್ಪ ಸಮಯ ಕೊಡು.'

ಕೈಯಲ್ಲೇ ಫೋನ್ ನಡುಗಿತು. 'ಎಷ್ಟು ಬೇಕೋ ತಗೊಳ್ಳೇ. ಊಟ ಆಯ್ತಾ, ಅದು ಹೇಳು.'

ರಾತ್ರಿಯದು ಇನ್ನೂ ಆಗಿಲ್ಲ ಅಂತ ಬರೆಯಬೇಕು. ಬರೆದರೆ ಬೈತಾಳೆ. ಬೈದರೆ ನಾನೂ ಏನೋ ಅಂತೀನಿ, ಅದಕ್ಕೆ ಅವಳು...