ಉಮ್ಮನ ಓಟು

೨೨-೩-೨೦೦೮, ಶನಿವಾರ, ಬಂಟ್ವಾಳ

ಮಾರ್ಚಿನಲ್ಲಿ ಇಂಥ ಮಳೆ ನಾನು ಕಂಡದ್ದಿಲ್ಲ. ಸಂಜೆ ಅಂಗಳದ ಚಾಪೆಯಿಂದ ಒದ್ದೆ ಹಲಸಿನ ಹಪ್ಪಳ ಎತ್ತುತ್ತಾ ಉಮ್ಮ ಹೇಳಿದರು, “ಈ ಸಲ ನನ್ನ ಓಟು ಆ ಪಕ್ಷಕ್ಕೆ ಇಲ್ಲ.”

ನಾನು ರೇಗಿದೆ. “ಈ ಒಕ್ಕಲು ಜಾಗ ನಮ್ಮದಾದದ್ದೇ ಅವರು ತಂದ ಭೂಸುಧಾರಣೆಯಿಂದ. ಉಪಕಾರ ಮರೆಯುವುದಾ?”

“ಜಾಗ ಕೊಟ್ಟದ್ದು ಹೌದು ಮೋನೇ. ಕೋಮು ಗಲಾಟೆಯ ದಿನ ನಮ್ಮನ್ನು ಕಾಯಲು ಅವರಲ್ಲಿ ಒಬ್ಬನಾದರೂ ಬಂದನಾ?”

“ನಿಮಗೆ ರಾಜಕೀಯ ಅರ್ಥವಾಗುವುದಿಲ್ಲ” ಎಂದುಬಿಟ್ಟೆ. ಉಮ್ಮ ಚಾಪೆ ಸುತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆಯಷ್ಟೇ ಕಾಲೇಜಿನಲ್ಲಿ ಅಮೆರಿಕದ ಕಪ್ಪು ಜನರ ಚರಿತ್ರೆ ಹೇಳಿಕೊಟ್ಟಿದ್ದೆ. ಗುಲಾಮಗಿರಿಯಿಂದ ಬಿಡಿಸಿದ ಪಕ್ಷ ಆಮೇಲೆ ತಮ್ಮನ್ನು ಮರೆತಾಗ ಅವರು ಅದನ್ನೇ ಬಿಟ್ಟರು. ಅದು ಉಪಕಾರ ಮರೆತದ್ದಲ್ಲ, ಸ್ವಾಭಿಮಾನ ಎಂದು ಮೇಜು ಕುಟ್ಟಿ ಹೇಳಿದವನು ನಾನೇ.

ನಾಚಿಕೆಯಾಗುತ್ತದೆ. ಸೋಮವಾರ ಆ ಪಾಠದ ಉಳಿದ ಭಾಗ ಉಂಟು. ಯಾವ ಮುಖ ಹೊತ್ತು ಹೇಳಿಕೊಡಲಿ?