ಕಾಲು ಕೊಯ್ದ ಬಾಗಿಲು

ಹೊಳೆದಂಡೆ ಮನೆಯಿಂದ,
ಹನ್ನೆರಡನೇ ತಾರೀಖು, ಬುಧವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ಸೊಂಟನೋವು ಕಡಿಮೆಯಾಯಿತೇ, ಇಲ್ಲ ಇನ್ನೂ ಕುರ್ಚಿಗೆ ದಿಂಬು ಕಟ್ಟಿಕೊಂಡೇ ಆಫೀಸಿನಲ್ಲಿ ಕೂರುತ್ತಿದ್ದೀಯಾ? ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಮಕ್ಕಳಿಬ್ಬರೂ ಹೊಟ್ಟೆತುಂಬ ಉಣ್ಣುತ್ತಿದ್ದಾರೆ ಎಂದುಕೊಂಡಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಎದೆಯೊಂದು ಬಿಟ್ಟು. ಅದು ನಿನ್ನೆಯಿಂದ ಡವಡವ ಎನ್ನುತ್ತಿದೆ. ಫೋನಿನಲ್ಲಿ ಹೇಳಿದರೆ "ಅಕ್ಕಾ, ನಿಂದೊಂದು ಗೋಳು" ಎಂದು ನಕ್ಕು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ. ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ನಿನಗೆ ಸಿಗುತ್ತದೆ.

ಪ್ರವಾಸಿಗರಿಗೆಂದು ಹೊಳೆಯ ಪಕ್ಕ ನೀನು ಕಟ್ಟಿಸುತ್ತಿರುವ ಮೂರು ಕೋಣೆಗಳಲ್ಲಿ ಮೊದಲನೆಯದು ಮುಗಿದಿದೆ. ಕುಳ್ಳ ಮಂಚಗಳೂ ಬಂದಿವೆ. ಶನಿವಾರ ನೀವೆಲ್ಲ ಬಂದಾಗ ಮೊದಲು ನಿನ್ನ ಮಕ್ಕಳೇ ಅಲ್ಲಿ ಮಲಗಬೇಕು, ಆಮೇಲೆ ಅತಿಥಿಗಳು ಎಂಬುದು ನಿನ್ನ ಹಟ. ಕಿಟಕಿ ತೆರೆದರೆ ನೀರು ಕೈಗೆ ಸಿಗುವಷ್ಟು ಹತ್ತಿರ. ಅದೇ ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಮೇಲಿನ ಹುಲ್ಲುಗಾವಲಿನಲ್ಲಿ ಕಟ್ಟೋಣ ಎಂದರೆ "ಹೊಳೆ ಕಾಣದಿದ್ರೆ ಯಾರು ಬರ್ತಾರಕ್ಕಾ?" ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ನೀನೇ ನನ್ನನ್ನು ಪಕ್ಕದ ಪಂಪ್‌ಮನೆಗೆ ಕರೆದೊಯ್ದು, ನಾವು ಹುಟ್ಟುವ ಮೊದಲು ದೊಡ್ಡ ನೆರೆ ಬಂದಾಗ ನೀರು ನಿಂತ ಎತ್ತರಕ್ಕೆ ಅಪ್ಪ ಬಾಗಿಲ ಮೇಲೆ ಕೊರೆದಿದ್ದ ಗೆರೆ ತೋರಿಸಿದೆ. ಹೊಳೆ ಅದನ್ನು ಎಂದೂ ದಾಟಿಲ್ಲ, ಕೋಣೆಯ ನೆಲ ಅದಕ್ಕಿಂತ ನಾಲ್ಕು ಬೆರಳು ಮೇಲಿದ್ದರೆ ಸಾಕು ಎಂದೆ. ಅಪ್ಪನೇ ಎಳೆದ ಗೆರೆ, ನಾನೇನು ಹೇಳಲಿ? ಒಪ್ಪಿಕೊಂಡೆ.

ನಿನ್ನೆ ಅಪ್ಪನ ತಂಗಿ, ನಮ್ಮ ಬಾಯಿಬಡುಕಿ ಅತ್ತೆ, ಕೋಣೆ ನೋಡಲು ಬಂದಿದ್ದರು. ಪಂಪ್‌ಮನೆಯ ಬಾಗಿಲಲ್ಲಿ ತಲೆ ಬಗ್ಗಿಸುವಾಗ ಕಿಸಕ್ಕನೆ ನಕ್ಕರು. ಆ ಗಿಡ್ಡ ಬಾಗಿಲಿಗೆ ನಿನ್ನ ಹಣೆ ಎಷ್ಟು ಸಲ ಬಡಿದಿಲ್ಲ! ನಮ್ಮ ತಾತ ಮುತ್ತಾತ ಎಲ್ಲ ಕುಳ್ಳರಿದ್ದಿರಬೇಕು ಎಂದು ತಮಾಷೆ ಮಾಡಿದ್ದೇ ಮಾಡಿದ್ದು, ಯಾಕೆ ಗಿಡ್ಡ ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಅತ್ತೆ ಹೇಳಿದರು: "ನೆರೆ ನೀರಲ್ಲಿ ನೆಂದು ಬಾಗಿಲಿನ ಕೆಳಭಾಗ ಎಲ್ಲ ಕೊಳೆತುಹೋಗಿತ್ತು. ನಿಮ್ಮಪ್ಪ ಅದನ್ನ ಕೊಯ್ದು ಬಿಸಾಕಿ, ಉಳಿದಿದ್ದನ್ನ ಕೆಳಗಿಳಿಸಿ ಕೂರಿಸಿದ. ಮೇಲೆ ಖಾಲಿ ಉಳಿದ ಜಾಗಕ್ಕೆ ಹಲಗೆ ಹೊಡೆದ."

ತಮ್ಮಾ, ಬಾಗಿಲಿನ ಜೊತೆ ಗೆರೆಯೂ ಕೆಳಗಿಳಿದಿದೆ. ಮೇಲಿನ ಹಲಗೆ ಅಳೆದೆ, ಒಂದೂವರೆ ಮೊಳ ಇದೆ. ಅಂದು ನೀರು ನಾವು ಅಂದುಕೊಂಡದ್ದಕ್ಕಿಂತ ಅಷ್ಟು ಮೇಲೆ ನಿಂತಿತ್ತು. ಬರೆಯುವಾಗಲೂ ಹೆದರಿಕೆಯಾಗುತ್ತಿದೆ. ಬೆಟ್ಟದ ಕಡೆ ಮಳೆ ಹಿಡಿದುಕೊಂಡಿದೆ, ಹೊಳೆ ಕೆಂಪಾಗಿದೆ. ಬಟ್ಟೆ ಒಗೆಯುವ ಕಲ್ಲು ಬೆಳಿಗ್ಗೆ ಕಾಣುತ್ತಿತ್ತು, ಈಗ ಕಾಣುತ್ತಿಲ್ಲ. ಉಳಿದೆರಡು ಕೋಣೆಗಳ ಕೆಲಸ ನಿಲ್ಲಿಸು ಎಂದು ಮೇಸ್ತ್ರಿಗೆ ಹೇಳಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈ, ಅವನನ್ನಲ್ಲ. ಹುಲ್ಲುಗಾವಲಿನಲ್ಲಿ ಕಟ್ಟುವುದಾದರೆ ಮಣ್ಣು ಬೇಕಾದರೂ ಹೊರುತ್ತೇನೆ.

ನಿನ್ನ ಹೆಂಡತಿಗೆ ಬಿಸಿನೀರು ಕುಡಿಯಲು ಹೇಳು. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ನೀನು ನೂರು ವರ್ಷ ಬಾಳು, ಈ ಅಕ್ಕನ ಮಾತನ್ನು ಒಂದು ಸಲವಾದರೂ ಕೇಳು.

ನಿನ್ನ ಅಕ್ಕ

ಮರೆಯುವ ಮುಂಚೆ: ಶನಿವಾರ ಮಕ್ಕಳನ್ನು ಕರೆತರಬೇಡ. ಮಧ್ಯಾಹ್ನ ಮೇಸ್ತ್ರಿ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ, ನಿಜವಾದ ಗೆರೆಯನ್ನು ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ. ನಾನು ನಿನ್ನ ಕಿರಿಯವಳ ಮಂಚದಲ್ಲಿ ಮಲಗಿ ನೋಡಿದೆ. ಗೆರೆ ನನ್ನ ಮೂಗಿಗಿಂತ ಒಂದು ಗೇಣು ಮೇಲಿತ್ತು.