ಕರಿ ಬದಿ ಹಲ್ಲಿನ ಕಡೆಗೆ

ಮನೆಯಿಂದ,
ಗುರುವಾರ, ಹನ್ನೆರಡನೇ ತಾರೀಕು,
ಮಧ್ಯಾಹ್ನ, ಊಟ ತಪ್ಪಿದ ಹೊತ್ತು

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಈಗ ಹೇಗಿದೆ? ಚಿಕ್ಕವಳ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ ಎಂದು ನೀನು ಬರೆಯುವುದಿಲ್ಲ, ಬರೆಯದಿದ್ದರೆ ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೀಯ. ಬಟ್ಟೆ ಒಣಹಾಕುವುದಕ್ಕಾದರೂ ಅಳಿಯನನ್ನು ಮಹಡಿಗೆ ಕಳಿಸು. ಮಗುವಿನ ಅಪ್ಪ ಅವನು, ನೆಂಟನೇನಲ್ಲ. ಬಾಣಂತಿಗೆ ನಿದ್ದೆ ಸರಿಯಾಗಿ ಆಗುತ್ತಿದೆಯೇ? ಮೊಮ್ಮಗಳ ಮೂಗು ಥೇಟ್ ನನ್ನದೇ ಎಂದು ಬರೆದಿದ್ದೆ. ಪಾಪದ ಕೂಸು, ದೊಡ್ಡದಾಗುವಷ್ಟರಲ್ಲಿ ಸರಿಹೋಗಬಹುದು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಕೆನ್ನೆ ಊದಿಸಿಕೊಂಡು ತಣ್ಣನೆಯ ಗಂಜಿಯ ಮುಂದೆ ಕೂತಿದ್ದೇನೆ. ಗಾಬರಿಯಾಗಬೇಡ, ಬೆಳಿಗ್ಗೆ ಒಂದು ಹಲ್ಲು ಕಿತ್ತರು, ಅಷ್ಟೇ. ಇವತ್ತೊಂದು ದಿನ ಮಾತು ಕಡಿಮೆ ಮಾಡಬೇಕೆಂದು ಡಾಕ್ಟರ ಅಪ್ಪಣೆಯಾಗಿದೆ, ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದೆ. ಫೋನಿನಲ್ಲಾದರೆ ನೀನು ಮೊದಲನೇ ಮಾತಿಗೇ ಬಾಯಿ ಹಾಕಿ ‘ನಾನು ಆಗ್ಲೇ ಬಡ್ಕೊಂಡೆ’ ಎಂದು ಶುರುಮಾಡುತ್ತಿದ್ದೆ. ಕಾಗದದಲ್ಲಿ ಕೊನೆಯವರೆಗೂ ನಾನೊಬ್ಬನೇ ಮಾತಾಡಬಹುದು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಸುಖ ಈಗ ಸಿಕ್ಕಿದೆ.

ಹೌದು, ನೋವು ಮೂರು ವಾರದಿಂದ ಇತ್ತು. ನೀನು ಹೊರಡುವ ದಿನವೂ ಇತ್ತು. ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ, ಅಲ್ಲಿ ಚಿಕ್ಕವಳು ದಾರಿ ನೋಡುತ್ತಿದ್ದಳು. ಲವಂಗ ಕಚ್ಚಿಕೊಂಡು ನಿನ್ನನ್ನು ಬಸ್ಸು ಹತ್ತಿಸಿದೆ. ಕೆಳದವಡೆಯ ಬಲಬದಿಯಲ್ಲಿ ನನಗೆ ಉಳಿದದ್ದು ಎರಡೇ ಹಲ್ಲು ಎಂಬುದು ನಿನಗೆ ಗೊತ್ತು. ಅವುಗಳ ಮುಂದಿನವು ಎಂದೋ ಉದುರಿದವು, ಹಿಂದಿನ ಬುದ್ಧಿಹಲ್ಲು ಕೀಳಿಸಿದ ದಿನ ನೀನೇ ಜೊತೆಗಿದ್ದೆ, ಬುದ್ಧಿಯೂ ಅದರ ಜೊತೆಗೇ ಹೋಯಿತು ಎಂದು ನಕ್ಕಿದ್ದೆ. ಉಳಿದ ಎರಡಕ್ಕೂ ಒಂದೇ ವರ್ಷ ಕ್ಯಾಪ್ ಹಾಕಿಸಿದ್ದರಿಂದ ಮೇಲಿನಿಂದ ಎರಡೂ ಒಂದೇ ಥರ. ನೋವು ಯಾವುದರದ್ದು ಎಂದು ಕೇಳಿದರೆ ಹೇಳಲು ನನಗೇ ಆಗುತ್ತಿರಲಿಲ್ಲ. ಒಂದು ಅತ್ತರೆ ಇನ್ನೊಂದೂ ಅಳುತ್ತಿತ್ತು.

ನಿನ್ನೆ ನಮ್ಮ ದೊಡ್ಡ ಮಗಳಿಗೆ ಗೊತ್ತಾಗಿಬಿಟ್ಟಿತು. ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ‘ನಾಳೆ ಹತ್ತಕ್ಕೆ ಬರ್ತೀಯೋ, ಎತ್ತಿಕೊಂಡು ಹೋಗ್ಲೋ?’ ಎಂದಳು. ಅವಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ನಾನು ಇದುವರೆಗೂ ಕಾಲಿಟ್ಟವನಲ್ಲ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ದಂತ ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮ್ ತೊಳೆದವನು ನಾನು. ಕ್ಲಿಪ್ಪಿಗೆ ಸಿಕ್ಕಿಸಿ, ಒಂದು ತೊಟ್ಟಿಯಲ್ಲಿ ಎಣಿಸಿ ಅದ್ದಿ, ಇನ್ನೊಂದರಲ್ಲಿ ಎಣಿಸಿ ಅದ್ದಿ, ನೀರಿನಲ್ಲಿ ಜಾಲಿಸಿ, ತಂತಿಗೆ ನೇತುಹಾಕಿ ಒಣಗುವುದನ್ನು ಕಾಯಬೇಕು. ಆ ವಾಸನೆ ಹೊತ್ತು ಮನೆಗೆ ಬಂದರೆ ನೀನು ಬಾಗಿಲಲ್ಲೇ ಸಾಬೂನು ಕೊಡುತ್ತಿದ್ದೆ. ಕಂಪ್ಯೂಟರ್ ಬಂತು, ನನ್ನ ಕೋಣೆಯಲ್ಲಿ ಪೊರಕೆ ಬಕೆಟ್ಟು ಇಟ್ಟರು, ನಾನು ನಿವೃತ್ತನಾದೆ. ಆಮೇಲೆ ಮಗಳು ಅದೇ ಕಂಪ್ಯೂಟರಿನ ಎಕ್ಸ್‌ರೇ ಕಲಿತು ಕೆಲಸಕ್ಕೆ ಸೇರಿದಾಗ ‘ಗುಂಡಿ ಒತ್ತೋದಕ್ಕೂ ಸಂಬಳಾನಾ?’ ಎಂದೆ. ಅವಳು ನಕ್ಕುಬಿಟ್ಟಳು. ನೀನು ನನ್ನನ್ನು ಅಡುಗೆಮನೆಗೆ ಕರೆದು ಚೆನ್ನಾಗಿ ಬೈದೆ. ಬೈದದ್ದು ಸರಿ ಎಂದು ಇವತ್ತು ಬರೆದುಕೊಡುತ್ತೇನೆ, ಈ ಕಾಗದವನ್ನು ಜೋಪಾನ ಮಾಡು.

ಕ್ಲಿನಿಕ್ಕು ದರ್ಜಿ ಅಂಗಡಿಯ ಪಕ್ಕ, ನೆಲಮಹಡಿಯಲ್ಲಿದೆ. ಮುಂದೆ ಆರು ಕುರ್ಚಿ, ಒಳಗೆ ಎರಡು ಕೋಣೆ. ನನ್ನ ಸರದಿಗೆ ಮೊದಲು ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ಹಲ್ಲು ಕೀಳಿಸುವುದಕ್ಕೇ ಬಂದವರು, ಹೆದರಿ ಚೀಲವನ್ನು ಎದೆಗವಚಿಕೊಂಡಿದ್ದರು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ನಮ್ಮವಳು ಪರದೆಯ ಮೇಲೆ ಅವರ ಮೂರು ವರ್ಷದ ಹಿಂದಿನ ಚಿತ್ರ, ಇವತ್ತಿನ ಚಿತ್ರ ಎರಡನ್ನೂ ಪಕ್ಕಪಕ್ಕ ಹಾಕಿ, ಬೇರಿನ ತುದಿಯನ್ನು ಅಂಗೈಯಗಲ ದೊಡ್ಡದು ಮಾಡಿ ತೋರಿಸಿದಳು. ‘ನೋಡೀಮ್ಮಾ, ಆವಾಗ ಇಲ್ಲಿ ಕಪ್ಪಗಿತ್ತು, ಈಗ ಮೂಳೆ ತುಂಬಿಕೊಂಡಿದೆ. ಈ ಹಲ್ಲು ನಿಮಗೇ ಇರುತ್ತೆ. ನೋವು ವಸಡಿನದ್ದು ಅನಿಸುತ್ತೆ, ಡಾಕ್ಟ್ರು ನೋಡಿ ಹೇಳ್ತಾರೆ.’ ಆ ತಾಯಿಯ ಮುಖ ನೋಡಬೇಕಿತ್ತು ನೀನು. ಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ತಮ್ಮ ಹಲ್ಲನ್ನೇ ಮೊದಲ ಸಲ ಕಂಡವರ ಹಾಗೆ ನೋಡಿದರು. ನನ್ನ ಕಾಲದಲ್ಲಿ ಹಲ್ಲುನೋವಿನವರಿಗೆ ಯಾರು ಚಿತ್ರ ತೋರಿಸುತ್ತಿದ್ದರು? ಹೆಬ್ಬೆರಳಿನಷ್ಟು ಫಿಲ್ಮನ್ನು ಡಾಕ್ಟರು ಕಿಟಕಿಗೆ ಹಿಡಿದು ನೋಡಿ ಲಕೋಟೆಗೆ ಹಾಕಿದರೆ ಮುಗಿಯಿತು.

ಆಮೇಲೆ ನನ್ನನ್ನು ಕರೆದಳು. ಮನೆಯಲ್ಲಿ ‘ನೀನು’ ಅನ್ನುವವಳು ಅಲ್ಲಿ ‘ಕೂತ್ಕೊಳ್ಳಿ, ತಲೆ ಹಿಂದಕ್ಕೆ ಒರಗಿಸಿ’ ಎಂದಳು. ಸೀಸದ ಹೊದಿಕೆಯನ್ನು ಎದೆಗೆ ಹೊದಿಸಿದಳು. ಈಗ ಕಿರಣ ಮೊದಲಿಗಿಂತ ಕಡಿಮೆ ಸಾಕಂತೆ, ಆದರೂ ಹೊದಿಸುವುದನ್ನು ಬಿಟ್ಟಿಲ್ಲ. ಫಿಲ್ಮಿನ ಜಾಗದಲ್ಲಿ ಈಗ ಅಂಚೆಚೀಟಿಯಷ್ಟು ಅಗಲದ ಒಂದು ತೆಳು ಪ್ಲೇಟ್. ಅದನ್ನು ಸಣ್ಣ ಕವರಿನಲ್ಲಿ ಹಾಕಿ ಬಾಯೊಳಗಿಡುತ್ತಾರೆ, ಕವರಿನ ಒಂದು ಬದಿ ಕಪ್ಪು, ಒಂದು ಬದಿ ಬಿಳುಪು. ‘ಕರಿ ಬದಿ ಹಲ್ಲಿನ ಕಡೆಗಿರಬೇಕು, ಅಲುಗಾಡಬೇಡಿ’ ಎಂದು ಹೇಳಿ ಹಿಡಿಕೆಗೆ ಸಿಕ್ಕಿಸಿ ಕಚ್ಚಿಸಿ, ಗೋಡೆಯ ಹಿಂದೆ ಹೋದಳು. ಅಲ್ಲಿ ಏನೇನೋ ಹೊಂದಿಸಿ ಗುಂಡಿ ಒತ್ತಿದಳು, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಯಂತ್ರ ಕೀ ಎಂದಿತು. ನಾನೇ ಬಾಯಿಂದ ತೆಗೆದುಕೊಟ್ಟ ಪ್ಲೇಟನ್ನು, ಅದನ್ನು ಓದುವ ಪೆಟ್ಟಿಗೆಯ ಸೀಳಿಗೆ ತುರುಕಿದಳು, ನಾನು ಹತ್ತು ಎಣಿಸುವುದರೊಳಗೆ ನನ್ನ ಹಲ್ಲು ಡಾಕ್ಟರ ಪರದೆಯ ಮೇಲಿತ್ತು. ಅಭ್ಯಾಸಬಲದಿಂದ ಎಣಿಸಿದೆ, ನಗಬೇಡ. ಅಷ್ಟರಲ್ಲಿ ಅವಳನ್ನು ಪಕ್ಕದ ಕೋಣೆಗೆ ಕರೆದರು, ಚಿತ್ರ ನೋಡಲು ನಿಲ್ಲದೆ ಓಡಿದಳು.

ಅಲ್ಲಿಯ ಹಿರಿಯ ಡಾಕ್ಟರಿಗೆ ಕೆಲಸದವರೆಲ್ಲ ಸೇರಿ ಇಟ್ಟ ಹೆಸರು ಗುಡುಗು. ಒಳ್ಳೆಯ ಕೈ, ದೊಡ್ಡ ಗಂಟಲು. ಎರಡೂ ಹಲ್ಲನ್ನು ತಟ್ಟಿ ನೋಡಿದರು, ಎರಡಕ್ಕೂ ನಾನು ಒಂದೇ ರಾಗದಲ್ಲಿ ಅಯ್ಯೋ ಎಂದೆ. ಪರದೆಯಲ್ಲಿ ಒಂದರ ಬೇರು ಸೀಳಿ, ತುದಿಯಲ್ಲಿ ಕೀವಿನ ಕಪ್ಪು ಮಚ್ಚೆ ಕಾಣುತ್ತಿತ್ತು. ‘ಮುಂದಿನದು ಹೋಗ್ಬೇಕು, ಹಿಂದಿನದು ಕಲ್ಲಿನ ಹಾಗಿದೆ’ ಎಂದರು. ಸೂಜಿ ಚುಚ್ಚಿದರು. ತುಟಿ, ನಾಲಿಗೆ, ಗಲ್ಲ ಎಲ್ಲ ನನ್ನದಲ್ಲ ಎನಿಸಿತು. ಇಕ್ಕಳ ಬಾಯೊಳಗೆ ಬಂತು, ಮುಂದಿನ ಹಲ್ಲನ್ನು ಹಿಡಿಯಿತು, ನಾನು ಕಣ್ಣು ಮುಚ್ಚಿದೆ.

ಆಗ ಬಾಗಿಲಿನಿಂದ ಅವಳ ಧ್ವನಿ ಕೇಳಿಸಿತು. ‘ಡಾಕ್ಟ್ರೇ, ನಿಲ್ಸಿ. ಆ ಹಲ್ಲಲ್ಲ.’ ಗುಡುಗು ಗುಡುಗಿತು: ‘ಇಕ್ಕಳ ಬಾಯಲ್ಲಿದ್ದಾಗ ಯಾರೂ ಮಾತಾಡಬಾರದು ಅಂತ ಗೊತ್ತಿಲ್ವಾ?’ ಅದು ಆ ಕ್ಲಿನಿಕ್ಕಿನ ಕಾನೂನಂತೆ, ಆ ಹೊತ್ತಿನಲ್ಲಿ ಕೆಮ್ಮುವುದಕ್ಕೂ ಅವರೆಲ್ಲ ಹೆದರುತ್ತಾರೆ. ನಮ್ಮ ಹುಡುಗಿ ಹಿಂದೆ ಸರಿಯಲಿಲ್ಲ ಕಣೇ. ‘ಗೊತ್ತು. ಆದ್ರೂ ನಿಲ್ಸಿ. ಚಿತ್ರ ತಿರುಗಿ ಬಿದ್ದಿದೆ’ ಎಂದು ಪರದೆಯ ಮೂಲೆಗೆ ಬೆರಳಿಟ್ಟಳು. ಅಲ್ಲೊಂದು ದುಂಡನೆಯ ಬಿಳಿ ಗುರುತಿತ್ತು, ಸಾಸಿವೆಗಿಂತ ತುಸು ದೊಡ್ಡದು. ಪ್ಲೇಟಿನ ಬೆನ್ನಿಗೆ ಒಂದು ಲೋಹದ ಬಿಲ್ಲೆ ಅಂಟಿಸಿರುತ್ತಾರಂತೆ. ಪ್ಲೇಟ್ ಸರಿಯಾಗಿದ್ದರೆ ಅದು ಚಿತ್ರದಲ್ಲಿ ಬರುವುದಿಲ್ಲ, ತಿರುಗಿಸಿ ಇಟ್ಟರೆ ಮಾತ್ರ ಅದರ ನೆರಳು ಬೀಳುತ್ತದೆ. ಹಾಗೆ ಬಿತ್ತೆಂದರೆ ಕನ್ನಡಿಯಲ್ಲಿ ಕಂಡ ಹಾಗೆ ಚಿತ್ರವೆಲ್ಲ ಅದಲುಬದಲು, ಮುಂದಿನ ಹಲ್ಲು ಹಿಂದೆ, ಹಿಂದಿನದು ಮುಂದೆ. ಬೇರೆಯವರ ಬಾಯಲ್ಲಾದರೆ ಅಕ್ಕಪಕ್ಕದ ಹಲ್ಲು ನೋಡಿ ತಿಳಿಯುತ್ತಿತ್ತು. ನನ್ನ ಎರಡು ಹಲ್ಲಿಗೆ ಅತ್ತ ಇತ್ತ ಬರೀ ಬಯಲು, ಯಾರು ಗುರುತು ಹಿಡಿಯಬೇಕು?

ಕಂಪ್ಯೂಟರಿನಲ್ಲೇ ಚಿತ್ರವನ್ನು ಮಗುಚಿ ನೋಡಬಹುದಿತ್ತು. ಡಾಕ್ಟರೂ ಹಾಗೇ ಅಂದರು. ‘ಕೀಳೋ ಹಲ್ಲಿಗೆ ಅಂದಾಜು ಬೇಡ ಡಾಕ್ಟ್ರೇ, ಒಂದೇ ನಿಮಿಷ’ ಎಂದು ಇನ್ನೊಂದು ಪ್ಲೇಟ್ ತಂದು, ತಾನೇ ಹಿಡಿಕೆಗೆ ಸಿಕ್ಕಿಸಿ, ನಾನು ಕಚ್ಚಿದ ಮೇಲೂ ಒಮ್ಮೆ ಬಗ್ಗಿ ನೋಡಿ, ಹೊಸ ಚಿತ್ರ ತೆಗೆದಳು. ಕಪ್ಪು ಮಚ್ಚೆ ಹಿಂದಿನ ಹಲ್ಲಿನ ಕೆಳಗೇ ಬಂತು. ಡಾಕ್ಟರು ಎರಡು ಚಿತ್ರವನ್ನೂ ಬಹಳ ಹೊತ್ತು ನೋಡಿದರು. ಮೊದಲಿನದು ಹೇಗೆ ತಿರುಗಿತು ಎಂದು ಕೇಳಿದರು. ‘ಇಟ್ಟವಳು ನಾನೇ, ತಪ್ಪು ನನ್ನದು’ ಎಂದಳು. ಕೆಟ್ಟ ಚಿತ್ರಗಳನ್ನು ಕಾರಣದ ಸಮೇತ ಬರೆದಿಡುವ ಪುಸ್ತಕವೊಂದು ಅಲ್ಲಿದೆ, ಅದರಲ್ಲಿ ತನ್ನ ಹೆಸರನ್ನು ನನ್ನ ಕಣ್ಣೆದುರೇ ಬರೆದಳು. ಹಿಂದಿನ ಹಲ್ಲು ಬಂದಾಗ ಬೇರು ಪರದೆಯಲ್ಲಿ ಕಂಡಂತೆಯೇ ಉದ್ದಕ್ಕೆ ಸೀಳಿತ್ತು. ಡಾಕ್ಟರು ಕೈ ತೊಳೆಯುತ್ತಾ, ‘ನಿಮ್ಮ ಮಗಳು ಬಾಯಿ ಬಿಡದಿದ್ರೆ ಇವತ್ತು ನನ್ನ ಕೈಯಿಂದ ಅನ್ಯಾಯ ಆಗ್ತಿತ್ತು’ ಎಂದರು. ಆಗ ಅವರ ಗಂಟಲು ದೊಡ್ಡದಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಬೇಡ, ಇದು ಆ ಮಾತಲ್ಲ. ನನಗೆ ಹೆಮ್ಮೆಯಾಗಿದೆ. ಕತ್ತಲೆಕೋಣೆಯಲ್ಲಿ ಅಷ್ಟು ವರ್ಷ ಫಿಲ್ಮ್ ತೊಳೆದೆನಲ್ಲ, ಆ ಫಿಲ್ಮ್ ನೋಡಿ ಯಾರ ಯಾವ ಹಲ್ಲು ಕಿತ್ತರೆಂದು ಒಂದು ದಿನವೂ ಹೊರಗೆ ಬಂದು ವಿಚಾರಿಸಿದವನಲ್ಲ. ಚಿತ್ರ ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅವಳು ಚಿತ್ರದ ಹಿಂದೆಯೇ ಕುರ್ಚಿಯವರೆಗೂ ಬರುತ್ತಾಳೆ. ಗುಂಡಿ ಯಾರು ಬೇಕಾದರೂ ಒತ್ತಬಹುದು, ಇಕ್ಕಳ ಹಿಡಿದ ಗುಡುಗನ್ನು ನಿಲ್ಲಿಸುವುದಕ್ಕೆ ಎದೆ ಬೇಕು. ಉಳಿದ ಆ ಒಂದು ಹಲ್ಲನ್ನು ಬೆಳಿಗ್ಗೆಯಿಂದ ನಾಲಿಗೆಯಲ್ಲಿ ಸವರುತ್ತಾ ಕೂತಿದ್ದೇನೆ. ಮಗಳು ಉಳಿಸಿಕೊಟ್ಟ ಹಲ್ಲು, ಇನ್ನು ಮೇಲೆ ಅದನ್ನು ಎರಡು ಹೊತ್ತೂ ಉಜ್ಜುತ್ತೇನೆ.

ಅವಳು ಊಟಕ್ಕೆ ಬಂದಿದ್ದಾಳೆ. ನನ್ನ ಗಂಜಿಗೆ ಉಪ್ಪು ಸಾಲದೆಂದು ತಾನೇ ರುಚಿ ನೋಡಿ ಹಾಕಿದಳು. ಇನ್ನು ಹತ್ತು ನಿಮಿಷಕ್ಕೆ ವಾಪಸ್ಸು ಹೊರಡುತ್ತಾಳೆ, ಈ ಕಾಗದವನ್ನು ಅವಳೇ ಅಂಚೆಪೆಟ್ಟಿಗೆಗೆ ಹಾಕುತ್ತಾಳೆ. ಚಿಕ್ಕವಳಿಗೂ ಮೊಮ್ಮಗಳಿಗೂ ನನ್ನ ತುಂಬು ಆಶೀರ್ವಾದ, ಅಳಿಯನಿಗೆ ನನ್ನ ನೆನಪುಗಳನ್ನೂ ಬಟ್ಟೆಯ ಬುಟ್ಟಿಯನ್ನೂ ಕೊಡು. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಮನೆ ನೀನಿಲ್ಲದೆ ಬಿಕೋ ಅನ್ನುತ್ತದೆ, ಬೈಯುವವರು ಯಾರೂ ಇಲ್ಲ.

ಎಂದೆಂದಿಗೂ ನಿನ್ನ,
‘ಇವರು’

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಬರಲಿಲ್ಲ. ಪ್ಲೇಟ್ ತಿರುಗಿಸಿದವನು ನಾನು. ನಮ್ಮ ಫಿಲ್ಮಿನಲ್ಲಿ ಬಿಳಿ ಬದಿ ಹಲ್ಲಿಗೆ ಇರಬೇಕಿತ್ತು, ಇವಳಿಗೇನು ಗೊತ್ತು ಎಂದು ಅವಳು ಗೋಡೆಯ ಹಿಂದೆ ಹೋದ ಕೂಡಲೇ ಬಾಯಿಂದ ತೆಗೆದು, ತಿರುಗಿಸಿ ಸಿಕ್ಕಿಸಿ ಕಚ್ಚಿಕೊಂಡೆ. ಅವಳಿಗೆ ಅದು ಗೊತ್ತು. ಎರಡನೇ ಸಲ ಬಗ್ಗಿ ನೋಡಿದಾಗ ನನ್ನ ಕಣ್ಣನ್ನೂ ನೋಡಿದಳು. ಗೊತ್ತಿದ್ದೂ ಡಾಕ್ಟರೆದುರು ನನ್ನ ಮಾನ ಉಳಿಸಿ, ತನ್ನ ಹೆಸರು ಬರೆದಳು. ನಾನೋ, ಬಾಯಿ ಮರಗಟ್ಟಿದೆ ಎಂಬ ನೆಪದಲ್ಲಿ ಸುಮ್ಮನೆ ಕೂತೆ. ನಾಳೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಆ ಹೆಸರು ಹೊಡೆಸಿ ನನ್ನದನ್ನು ಬರೆಸುತ್ತೇನೆ. ಗುಡುಗಿನ ಮುಂದೆ ನಿಲ್ಲಬಲ್ಲೆ, ಅವಳ ಮುಂದೆ ನಿಂತು ಹೇಳುವುದಕ್ಕೆ ಮಾತ್ರ ಧೈರ್ಯ ಸಾಲದು. ಅದಕ್ಕೇ ಲಕೋಟೆಗೆ ಅಂಟು ಹಚ್ಚದೆ, ‘ಓದಿ ಅಂಟಿಸು’ ಎಂದು ಅವಳ ಕೈಗೆ ಕೊಡುತ್ತಿದ್ದೇನೆ. ನಿನ್ನನ್ನು ತಲುಪಿದಾಗ ಅಂಟಿದ್ದರೆ, ಅಂಟಿಸಿದವಳು ಅವಳು.